ಫೇಸ್‌ಬುಕ್‌ನಲ್ಲಿ ಗೆಳೆಯರನ್ನು ಗೊತ್ತಾಗದ ಹಾಗೆ ತೆಗೆಯೋದು ಹೇಗೆ? ಎದುರಿಗೆ ಸಿಕ್ಕರೆ ಏನು ಹೇಳಲಿ?

ಗೊತ್ತಾಗದ ಹಾಗೆ ತೆಗೆಯೋದು ಏನೂ ಕಷ್ಟ ಅಲ್ಲ. ಅನ್‌ಫ್ರೆಂಡ್ ಒತ್ತಿದರೆ ಅವರಿಗೆ ಯಾವ ನೋಟಿಫಿಕೇಶನ್ನೂ ಹೋಗುವುದಿಲ್ಲ. ಅವರ ಹೆಸರು ನಿಮ್ಮ ಲಿಸ್ಟಿನಿಂದ, ನಿಮ್ಮ ಹೆಸರು ಅವರ ಲಿಸ್ಟಿನಿಂದ ಸದ್ದಿಲ್ಲದೆ ಹೋಗುತ್ತದೆ. ನಾನು ಮೂರು ದಿನದಲ್ಲಿ 400 ಜನರನ್ನು ಹಾಗೆ ತೆಗೆದವನು. ಒಬ್ಬರಿಗೂ ಗೊತ್ತಾಗಲಿಲ್ಲ. ಯಾರ್ಯಾರನ್ನು ತೆಗೆದೆ ಅಂತ ಕೊನೆಗೆ ನನಗೂ ನೆನಪಿರಲಿಲ್ಲ. ತೊಂದರೆ ಆಗಿದ್ದು ಅಲ್ಲೇ.

‘ಹಳೇ ಆಫೀಸಿನವರು, ಒಂದು ಲೈಕೂ ಹಾಕಲ್ಲ, ಸುಮ್ನೆ ಲಿಸ್ಟಲ್ಲಿ ಕೂತಿದ್ದಾರೆ’ ಅಂತ ಬರೆದಿದ್ದೀರಲ್ಲ, ಆ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

2009ರಲ್ಲಿ ತಿಪಟೂರಿನ ಕಡೆಯ ನಮ್ಮೂರಿನಿಂದ ಬೆಂಗಳೂರಿಗೆ ಬಂದೆ. ಚಾಮರಾಜಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು. ನಾನು ‘ನುಡಿ’ ಅನ್ನೋ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುತ್ತಿದ್ದೆ. ಪ್ರೂಫ್ ನೋಡುತ್ತಿದ್ದವರು ಒಬ್ಬರು ಅಕ್ಕ. ಹೆಸರು ಬೇಡ, ನಾನು ಕರೆಯುತ್ತಿದ್ದದ್ದೂ ಅಕ್ಕ ಅಂತಲೇ. ಕೆಂಪು ಪೆನ್ನು ಹಿಡಿದು ಕೂತರೆ ಒಂದು ಒತ್ತು, ಒಂದು ದೀರ್ಘ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮಾತು ಕಡಿಮೆ. ತಪ್ಪಿಗೆ ಸುತ್ತು ಹಾಕಿ ಹಾಳೆಯನ್ನು ನನ್ನ ಕಡೆ ಸರಿಸುತ್ತಿದ್ದರು, ಅಷ್ಟೇ.

2011ರಲ್ಲಿ ನಮ್ಮಪ್ಪನಿಗೆ ಮಿಂಟೋ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ಆಪರೇಷನ್ ಆಯಿತು. ಶ್ರೀನಗರದ ನನ್ನ ಒಂದು ರೂಮಿನ ಮನೆಯಲ್ಲಿ ಅಪ್ಪ ಹತ್ತು ದಿನ ಇದ್ದರು. ಆ ಹತ್ತು ದಿನವೂ ಅಕ್ಕ ಅಂಗಡಿಗೆ ಎರಡು ಡಬ್ಬಿ ತಂದರು. ಒಂದು ಅವರದ್ದು, ಇನ್ನೊಂದು ಅಪ್ಪನಿಗೆ. ಅನ್ನ, ತಿಳಿಸಾರು, ಒಂದು ಪಲ್ಯ. ಮಧ್ಯಾಹ್ನ ಸೈಕಲ್ಲಿನಲ್ಲಿ ಹೋಗಿ ಕೊಟ್ಟು ಬರುತ್ತಿದ್ದೆ. ಅಪ್ಪ ಅದನ್ನು ಕೊನೆಯವರೆಗೂ ಮರೆಯಲಿಲ್ಲ. ಊರಿಗೆ ಹೋದಾಗಲೆಲ್ಲ ‘ಆ ಹೆಣ್ಣುಮಗಳಿಗೂ ನಾಲ್ಕು ಕಾಯಿ ತಗೊಂಡು ಹೋಗು’ ಅಂತ ಚೀಲಕ್ಕೆ ಹಾಕಿಸುತ್ತಿದ್ದರು.

2014ರಲ್ಲಿ ಆ ಕೆಲಸ ಬಿಟ್ಟು ಪೀಣ್ಯದ ಒಂದು ಕಂಪನಿಗೆ ಸೇರಿದೆ. ಮುಂದಿನ ವರ್ಷ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಫೋನ್ ಕಳೆದುಹೋಯಿತು. ನಂಬರುಗಳೂ ಹೋದವು. ಅಂಗಡಿಗೆ ಒಂದು ಸಲ ಹೋಗಿದ್ದರೆ ಅಕ್ಕನ ನಂಬರ್ ಸಿಗುತ್ತಿತ್ತು. ಹೋಗಲಿಲ್ಲ. ಫೇಸ್‌ಬುಕ್‌ನಲ್ಲಿ ಇದ್ದಾರಲ್ಲ ಅನ್ನೋ ಧೈರ್ಯ.

ಆಮೇಲೆ 2018ರ ಮಾರ್ಚ್. ಚುನಾವಣಾ ಪ್ರಚಾರದ ಕೆಲಸ ಮಾಡುತ್ತಿದ್ದ ಕೇಂಬ್ರಿಡ್ಜ್ ಅನಾಲಿಟಿಕಾ ಅನ್ನೋ ಕಂಪನಿಗೆ ಫೇಸ್‌ಬುಕ್ ಬಳಸುವವರ ಮಾಹಿತಿ ಸಿಕ್ಕ ಸುದ್ದಿ ಬಂದದ್ದು ನಿಮಗೂ ನೆನಪಿರಬಹುದು. ಒಂದು ಕ್ವಿಜ್ ಆ್ಯಪ್‌ಗೆ ಕೆಲವು ಲಕ್ಷ ಜನ ಅನುಮತಿ ಕೊಟ್ಟರೆ, ಅವರ ಗೆಳೆಯರ ಮಾಹಿತಿಯೂ ಸೇರಿ 8.7 ಕೋಟಿ ಜನರದ್ದು ಹೋಗಿರಬಹುದು ಅಂತ ಫೇಸ್‌ಬುಕ್ ಕಂಪನಿಯೇ ಹೇಳಿತು. ನನಗೆ ಹೆದರಿಕೆ ಹತ್ತಿತು. ನನ್ನ ಲಿಸ್ಟಿನಲ್ಲಿ ಆಗ 1,100ಕ್ಕೂ ಜಾಸ್ತಿ ಜನ. ಜೊತೆಗೆ ವಿಧಾನಸಭೆ ಚುನಾವಣೆ ಹತ್ತಿರ ಇತ್ತು, ಫೀಡ್ ತುಂಬ ಜಗಳ. ಡನ್‌ಬಾರ್ ಅನ್ನೋ ಬ್ರಿಟನ್ನಿನ ವಿಜ್ಞಾನಿ ಹೇಳಿದ ಸಂಖ್ಯೆಯನ್ನು ಆಗಷ್ಟೇ ಓದಿದ್ದೆ. ಮನುಷ್ಯ ಸುಮಾರು 150 ಜನರ ಜೊತೆ ಮಾತ್ರ ನಿಜವಾದ ಸಂಬಂಧ ಉಳಿಸಿಕೊಳ್ಳಬಲ್ಲ ಅನ್ನುತ್ತಾರಲ್ಲ, ಅದು. ಹಾಗಾದರೆ ಉಳಿದವರು ಯಾಕೆ ಅನ್ನಿಸಿತು.

ದಿನಾ ಸಂಜೆ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಬಸ್ ನಿಂತರೆ ಇಪ್ಪತ್ತು ನಿಮಿಷ ಅಲ್ಲಾಡುತ್ತಿರಲಿಲ್ಲ. ಅಲ್ಲೇ ಕೂತು ಶುರು ಮಾಡಿದೆ. ಒಬ್ಬೊಬ್ಬರನ್ನೂ ಯೋಚಿಸಿ ತೆಗೆಯುವಷ್ಟು ತಾಳ್ಮೆ ಇರಲಿಲ್ಲ. ಒಂದು ನಿಯಮ ಮಾಡಿಕೊಂಡೆ: ಎರಡು ವರ್ಷದಿಂದ ನನ್ನ ಒಂದು ಪೋಸ್ಟಿಗೂ ಲೈಕ್ ಹಾಕಿದ ನೆನಪಿಲ್ಲದವರು ಹೊರಗೆ. ಹೆಸರು ನೋಡುವುದು, ಒತ್ತುವುದು. ಹೆಸರು ನೋಡುವುದು, ಒತ್ತುವುದು. ಮೂರನೇ ದಿನದ ಹೊತ್ತಿಗೆ ಹೆಸರನ್ನೂ ಸರಿಯಾಗಿ ನೋಡುತ್ತಿರಲಿಲ್ಲ.

ಈ ನಿಯಮದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಯಾಕೆಂದರೆ ನೀವೂ ಇದೇ ನಿಯಮ ಹಿಡಿದು ಹೊರಟಿದ್ದೀರಿ. ಲೈಕ್ ಅನ್ನುವುದನ್ನು ನಾನು ಹಾಜರಿ ಅಂದುಕೊಂಡಿದ್ದೆ. ಲೈಕ್ ಹಾಕಿದವನು ಬಂದಿದ್ದಾನೆ, ಹಾಕದವನು ಬಂದಿಲ್ಲ. ಆದರೆ ನೋಡುವವರಲ್ಲಿ ಒತ್ತುವವರು ಎಷ್ಟು ಜನ? ನೀವೇ ನಿಮ್ಮನ್ನು ಕೇಳಿಕೊಳ್ಳಿ. ನಿನ್ನೆ ಎಷ್ಟು ಪೋಸ್ಟ್ ಓದಿದಿರಿ, ಎಷ್ಟಕ್ಕೆ ಒತ್ತಿದಿರಿ? ಬೆರಳಿಗೆ ಸೋಮಾರಿತನ ಇರುತ್ತದೆ, ಸಂಕೋಚ ಇರುತ್ತದೆ. ಕೆಲವರಿಗೆ ಭಯವೂ ಇರುತ್ತದೆ. ನಾವು ಪಬ್ಲಿಕ್ ಆಗಿ ಹಾಕಿದ ಪೋಸ್ಟಿಗೆ ಯಾರಾದರೂ ಲೈಕ್ ಒತ್ತಿದರೆ ‘ಇಂಥವರು ಇದನ್ನು ಮೆಚ್ಚಿದ್ದಾರೆ’ ಅಂತ ಅವರ ಗೆಳೆಯರ, ನೆಂಟರ ಫೀಡಿನಲ್ಲಿ ತೋರಿಸುವುದಿತ್ತು. ಅತ್ತೆ ಮನೆಯವರೆಲ್ಲ ಫೇಸ್‌ಬುಕ್‌ನಲ್ಲಿರುವ ಹೆಣ್ಣುಮಗಳೊಬ್ಬಳಿಗೆ ಹಳೇ ಆಫೀಸಿನ ಹುಡುಗನ ಫೋಟೋಗೆ ಲೈಕ್ ಒತ್ತುವುದು ಸುಲಭದ ಕೆಲಸ ಅಲ್ಲ. ಇದು ನನಗೆ ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು. ಐದು ವರ್ಷ ಅಕ್ಕನ ಪಕ್ಕದಲ್ಲಿ ಕೂತು ಕೆಲಸ ಮಾಡಿದವನು ನಾನು. ಅವರು ಎಲ್ಲವನ್ನೂ ಓದುತ್ತಾರೆ, ಏನೂ ಹೇಳುವುದಿಲ್ಲ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಅದರ ಜೊತೆಗೆ ಇನ್ನೊಂದು ಮಾಡಿದೆ. ಹಳೆಯ ಪೋಸ್ಟ್‌ಗಳನ್ನೆಲ್ಲ ಒಂದೇ ಸಲ ಪಬ್ಲಿಕ್‌ನಿಂದ ಫ್ರೆಂಡ್ಸ್‌ಗೆ ಬದಲಿಸುವ ಸೆಟ್ಟಿಂಗ್ ಇದೆ, ಅದನ್ನು ಒತ್ತಿದೆ. ಅಲ್ಲಿಂದ ಮುಂದೆ ಹಾಕಿದ್ದೂ ಫ್ರೆಂಡ್ಸ್‌ಗೆ ಮಾತ್ರ. ಅಂದರೆ ತೆಗೆದವರ ಪಾಲಿಗೆ ನಾನು ಇಲ್ಲವೇ ಇಲ್ಲ ಅನ್ನುವ ಹಾಗೆ ಆಯಿತು.

2019ರ ಜನವರಿಯಲ್ಲಿ ಅಪ್ಪ ತೀರಿಕೊಂಡರು. ಬೆಳಗಿನ ಜಾವ ಊರಿಂದ ಫೋನ್ ಬಂತು. ಬಸ್ಸಿನಲ್ಲಿ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುವ ಶಕ್ತಿ ಇರಲಿಲ್ಲ. ಫೇಸ್‌ಬುಕ್‌ನಲ್ಲಿ ಅಪ್ಪನ ಫೋಟೋ ಹಾಕಿ ನಾಲ್ಕು ಸಾಲು ಬರೆದೆ. ಎಷ್ಟೋ ಜನ ಬಂದರು. ನಾನು ಹೆಚ್ಚು ಮಾತಾಡದವರೂ ಬಂದರು. ಅಕ್ಕ ಬರಲಿಲ್ಲ. ಒಂದು ಮೆಸೇಜೂ ಇಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೂ ಇಲ್ಲ. ಅಮ್ಮ ಎರಡು ಸಲ ಕೇಳಿದಳು, ‘ಆ ಹುಡುಗಿಗೆ ಹೇಳಿದೆಯೇನೋ?’ ಅಂತ. ‘ಹೇಳಿದೆ, ಅವರು ಬರಲಿಲ್ಲ’ ಅಂದೆ. ಹಾಗೇ ನಂಬಿದ್ದೆ. ಹತ್ತು ತಿಂಗಳು ಆ ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ.

ಅದೇ ವರ್ಷ ನವೆಂಬರ್. ಕಾರ್ತಿಕದ ಕೊನೆಯ ಸೋಮವಾರ, ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ರಾಮಕೃಷ್ಣ ಆಶ್ರಮದ ಸರ್ಕಲ್‌ನಿಂದಲೇ ಜನ. ಬುಲ್ ಟೆಂಪಲ್ ರಸ್ತೆಯ ಎರಡೂ ಕಡೆ ಗುಡ್ಡೆ ಗುಡ್ಡೆ ಕಡಲೆಕಾಯಿ. ದೊಡ್ಡ ಗಣೇಶನ ಗುಡಿಯ ಹತ್ತಿರ, ಹುರಿದ ಕಾಯಿಯ ರಾಶಿಯ ಮುಂದೆ ಅಕ್ಕ ನಿಂತಿದ್ದರು. ಪಕ್ಕದಲ್ಲಿ ಹನ್ನೆರಡು ಹದಿಮೂರರ ಮಗಳು.

ನನ್ನನ್ನು ಮೊದಲು ನೋಡಿದ್ದು ಅವರೇ. ಮುಖ ಅರಳಿತು. ‘ಏನೋ! ಎಷ್ಟು ವರ್ಷ ಆಯ್ತೋ! ಮಗ ಎಷ್ಟು ದೊಡ್ಡವನಾದ? ನಾಮಕರಣದ ಫೋಟೋ ಹಾಕಿದ್ದೆಯಲ್ಲ, ಅದರ ಕೆಳಗೆ ನೀನು ಆಶೀರ್ವಾದ ಅಂತ ಬರೆಯೋಕೆ ಹೋಗಿ ಆರ್ಶೀವಾದ ಅಂತ ಬರೆದಿದ್ದೆ. ಹೇಳೋಣ ಅಂತಿದ್ದೆ. ಆಮೇಲೆ ನೀನು ಫೇಸ್‌ಬುಕ್ಕೇ ಬಿಟ್ಟೆ ಅನ್ಸುತ್ತೆ. ಅಪ್ಪ ಹೇಗಿದ್ದಾರೆ? ಕಣ್ಣು ಚೆನ್ನಾಗಿದೆಯಾ?’

ನಾನು ಏನಂದೆ ಗೊತ್ತಾ? ‘ಅಪ್ಪ ಹೋಗಿ ಹತ್ತು ತಿಂಗಳಾಯ್ತು. ಫೇಸ್‌ಬುಕ್‌ನಲ್ಲಿ ಹಾಕಿದ್ದೆನಲ್ಲ. ಊರೆಲ್ಲ ನೋಡಿದೆ. ನೀವೊಬ್ಬರೇ ನೋಡಲಿಲ್ವಾ?’ ಜೋರಾಗಿಯೇ ಅಂದೆ. ಕಡಲೆಕಾಯಿ ಅಳೆಯುತ್ತಿದ್ದವನು ತಲೆ ಎತ್ತಿ ನೋಡಿದ.

ಅಕ್ಕನಿಗೆ ಮಾತು ಹೊರಡಲಿಲ್ಲ. ಬ್ಯಾಗಿನಿಂದ ಫೋನ್ ತೆಗೆದರು. ಬೆರಳ ತುದಿಯಲ್ಲಿ ಕಡಲೆಕಾಯಿಯ ಕೆಂಪು ಮಣ್ಣು ಅಂಟಿತ್ತು, ಸ್ಕ್ರೀನ್ ಮೇಲೆ ಸರಿಯಾಗಿ ಒತ್ತಲು ಆಗುತ್ತಿರಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ನನ್ನ ಹೆಸರು ಹುಡುಕಿದರು. ಫೋಟೋ ಬಂತು, ನನ್ನ ಮಗನನ್ನು ಎತ್ತಿಕೊಂಡಿದ್ದ ಫೋಟೋ. ಅದರ ಕೆಳಗೆ ನೀಲಿ ಬಣ್ಣದ ಬಟನ್. ಆ್ಯಡ್ ಫ್ರೆಂಡ್. ಅದರ ಕೆಳಗೆ ಖಾಲಿ.

ಅವರು ಅದನ್ನೇ ನೋಡುತ್ತಾ ನಿಂತರು. ಮಗಳು ಬಗ್ಗಿ ನೋಡಿ, ‘ಇವರು ನಿನ್ನ ಅನ್‌ಫ್ರೆಂಡ್ ಮಾಡಿದ್ದಾರಮ್ಮ’ ಅಂದಳು.

ಆಗ ನನಗೆ ಗೊರಗುಂಟೆಪಾಳ್ಯದ ಸಿಗ್ನಲ್ ನೆನಪಾಯಿತು. ಅಲ್ಲಿಯವರೆಗೆ ನಿಜವಾಗಿಯೂ ನೆನಪಿರಲಿಲ್ಲ.

‘ನಾನು ಲೈಕ್ ಒತ್ತಿದರೆ ನಮ್ಮ ಮನೆಯವರ ಕಡೆಯವರಿಗೆಲ್ಲ ಕಾಣುತ್ತೆ ಕಣೋ. ಯಾಕೆ ಬೇಕು ಅಂತ ಸುಮ್ನೆ ನೋಡ್ತಿದ್ದೆ’ ಅಂದರು ಅಕ್ಕ. ದೂರುವ ಹಾಗೆ ಹೇಳಲಿಲ್ಲ. ತಮ್ಮದೇ ತಪ್ಪು ಅನ್ನುವ ಹಾಗೆ ಹೇಳಿದರು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ತಡೆಯಲು ಆಗುವುದಿಲ್ಲ. ಆಮೇಲೆ ಕೊಂಡಿದ್ದ ಕಡಲೆಕಾಯಲ್ಲಿ ಅರ್ಧ ನನ್ನ ಚೀಲಕ್ಕೆ ಸುರಿದು, ‘ಅಮ್ಮಂಗೆ ಕೊಡು’ ಅಂದು ಮಗಳ ಕೈ ಹಿಡಿದು ಜನರ ಮಧ್ಯೆ ಹೋಗಿಬಿಟ್ಟರು.

ಈಗ ನಿಮ್ಮ ಪ್ರಶ್ನೆಗೆ. ಎದುರಿಗೆ ಸಿಕ್ಕರೆ ಏನು ಹೇಳುವುದು ಅಂತ ಕೇಳಿದ್ದೀರಿ. ಎದುರಿಗೆ ಸಿಗುವವರನ್ನು ತೆಗೆಯಲೇಬೇಡಿ. ಬೆಂಗಳೂರಿನಲ್ಲಿ ಕೋಟಿ ಜನ ಇದ್ದರೂ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುವಾಗ, ಮದುವೆ ಮನೆಯ ಊಟದ ಸಾಲಿನಲ್ಲಿ, ಮೆಟ್ರೋ ಎಸ್ಕಲೇಟರ್ ಮೇಲೆ ಅವರೇ ಸಿಗುತ್ತಾರೆ. ಮುಖ ಪರಿಚಯವೇ ಇಲ್ಲದವರು ಲಿಸ್ಟಿನಲ್ಲಿದ್ದರೆ ಇವತ್ತೇ ತೆಗೆಯಿರಿ, ಅದಕ್ಕೆ ಸಂಕೋಚ ಬೇಡ. ಕಾಟ ಕೊಡುವವರು, ಅಸಹ್ಯ ಮೆಸೇಜ್ ಕಳಿಸುವವರು ಇದ್ದರೆ ಬ್ಲಾಕ್ ಮಾಡಿ, ಅವರು ಸ್ವಂತ ಚಿಕ್ಕಪ್ಪನಾದರೂ ಸರಿ. ಆದರೆ ಯಾರ ಮನೆಯ ಅನ್ನ ತಿಂದಿದ್ದೀರೋ ಅವರನ್ನು ಮುಟ್ಟಬೇಡಿ. ಅವರ ಪೋಸ್ಟ್ ಕಿರಿಕಿರಿ ಆದರೆ ಅನ್‌ಫಾಲೋ ಇದೆ. ಗೆಳೆತನ ಹಾಗೇ ಉಳಿಯುತ್ತದೆ, ಫೀಡಿನಲ್ಲಿ ಮಾತ್ರ ಕಾಣುವುದಿಲ್ಲ. 30 ದಿನಕ್ಕೆ ಸುಮ್ಮನಾಗಿಸುವ ಸ್ನೂಜ್ 2017ರಲ್ಲೇ ಬಂದಿದೆ. ಇನ್‌ಸ್ಟಾಗ್ರಾಂನಲ್ಲಿ ಮ್ಯೂಟ್ ಇದೆ. ಇವು ಯಾವುದೂ ಅವರಿಗೆ ಗೊತ್ತಾಗುವುದಿಲ್ಲ. ನನಗೂ ಆಗ ಅನ್‌ಫಾಲೋ ಬಗ್ಗೆ ಗೊತ್ತಿತ್ತು. ಆದರೆ ನನಗೆ ಬೇಕಾಗಿದ್ದದ್ದು ಸಂಖ್ಯೆ ಕಡಿಮೆ ಆಗುವುದು. ಆ ಸಂಖ್ಯೆಯನ್ನು ಇವತ್ತಿನವರೆಗೆ ಯಾರೂ ಬಂದು ಎಣಿಸಿಲ್ಲ.

ಇನ್ನು ‘ಗೊತ್ತಾಗದ ಹಾಗೆ’ ಅನ್ನೋದು. ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ ಅಷ್ಟೇ. ಒಂದು ದಿನ ‘ನಿಮಗೆ ಪರಿಚಯ ಇರಬಹುದಾದವರು’ ಅನ್ನುವ ಸಾಲಿನಲ್ಲಿ ನಿಮ್ಮದೇ ಮುಖ ಅವರಿಗೆ ಕಾಣಿಸಬಹುದು. ನೀವು ಮನಸ್ಸು ಬದಲಿಸಿ ಮತ್ತೆ ರಿಕ್ವೆಸ್ಟ್ ಕಳಿಸಿದರೆ ಆ ನೋಟಿಫಿಕೇಶನ್ನೇ ನೀವು ತೆಗೆದಿದ್ದಿರಿ ಅಂತ ಸಾರಿ ಹೇಳುತ್ತದೆ. ವಾಟ್ಸಾಪ್ ಗ್ರೂಪಿನದ್ದೂ ಅದೇ ಕಥೆ. 2022ರಿಂದ ಗ್ರೂಪ್ ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ತಿಳಿಸುತ್ತದೆ ನಿಜ, ಆದರೆ ಬಿಟ್ಟುಹೋದವರ ಹೆಸರು 60 ದಿನ ಎಲ್ಲರಿಗೂ ನೋಡಲು ಸಿಗುತ್ತದೆ. ಸಿಕ್ಕಿಬಿದ್ದರೆ ದಯವಿಟ್ಟು ‘ಅಕೌಂಟ್ ಹ್ಯಾಕ್ ಆಗಿತ್ತು’ ಅನ್ನಬೇಡಿ. ನಾನೂ ಆ ಮಾತನ್ನು ನಾಲಿಗೆಯ ತುದಿಗೆ ತಂದುಕೊಂಡಿದ್ದೆ. ಆಡಲಿಲ್ಲ, ಅದೊಂದೇ ಆವತ್ತು ನಾನು ಮಾಡಿದ ಸರಿಯಾದ ಕೆಲಸ.

ಆ ರಾತ್ರಿಯೇ ಅಕ್ಕನಿಗೆ ರಿಕ್ವೆಸ್ಟ್ ಕಳಿಸಿದೆ. ಒಪ್ಪಿಕೊಳ್ಳಲಿಲ್ಲ. ಎರಡು ವಾರ ಕಾದು ಚಾಮರಾಜಪೇಟೆಯ ಅಂಗಡಿಗೆ ಹೋಗಿ ಅವರ ವಿಳಾಸ, ನಂಬರ್ ತೆಗೆದುಕೊಂಡೆ. ನಾಲ್ಕು ವರ್ಷ ಮೊದಲೇ ಮಾಡಬೇಕಿದ್ದ ಕೆಲಸ. ಒಂದು ಭಾನುವಾರ ಮನೆಗೆ ಹೋಗಿ ಅಪ್ಪನ ವರ್ಷದ ಕಾರ್ಯಕ್ಕೆ ಕರೆದೆ. ತಪ್ಪಾಯ್ತು ಅಂದೆ. ಬಸ್ಸಿನಲ್ಲಿ ಕೂತು ಏನು ಮಾಡಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಕ್ಕ ಕಾಫಿ ಕೊಟ್ಟರು. ಆ ವಿಷಯ ಮುಂದುವರಿಸಲಿಲ್ಲ.

2020ರ ಜನವರಿಯಲ್ಲಿ ಮಗಳನ್ನು ಕರೆದುಕೊಂಡು ರೈಲಿನಲ್ಲಿ ತಿಪಟೂರಿಗೆ ಬಂದರು. ಅಪ್ಪನ ಫೋಟೋದ ಮುಂದೆ ತುಂಬ ಹೊತ್ತು ಕೂತಿದ್ದರು. ಹೊರಡುವಾಗ ಅಮ್ಮ ನಾಲ್ಕು ಕಾಯಿ ಸುಲಿಸಿ ಚೀಲಕ್ಕೆ ಹಾಕಿಕೊಟ್ಟಳು.

ಫೇಸ್‌ಬುಕ್ ರಿಕ್ವೆಸ್ಟ್ ಮಾತ್ರ ಇವತ್ತಿಗೂ ಹಾಗೇ ಇದೆ. ಯಾಕೆ ಅಂತ ನಾನು ಕೇಳಿಲ್ಲ. ಏನಾದರೂ ಸುದ್ದಿ ಇದ್ದರೆ ಫೋನ್ ಮಾಡುತ್ತೇನೆ.