ಮಕ್ಕಳ ರೂಮಿಗೆ ಕಪಾಟು ಮಾಡಿಸಿದರೂ ಆಟದ ಸಾಮಾನು ನೆಲದ ಮೇಲೇ ಬಿದ್ದಿರುತ್ತದಲ್ಲ, ಯಾಕೆ?

ಕಪಾಟು ದೊಡ್ಡವರ ಎತ್ತರಕ್ಕಿದೆ, ಅದಕ್ಕೆ. ಚಿಕ್ಕ ಮಕ್ಕಳು ಕಣ್ಣಿಗೆ ಕಾಣುವ, ಕೈಗೆಟುಕುವ ಜಾಗದಲ್ಲಷ್ಟೇ ವಸ್ತುಗಳನ್ನು ತಾವಾಗಿ ವಾಪಸ್ ಇಡುತ್ತಾರೆ. ದೊಡ್ಡ ಡಬ್ಬಿಯಲ್ಲಿ ಎಲ್ಲವನ್ನೂ ತುಂಬಿಟ್ಟರೆ ತಳದಲ್ಲಿರುವ ಒಂದು ಕಾರಿಗೋಸ್ಕರ ಪೂರ್ತಿ ಸುರಿಯಲೇಬೇಕು, ಅಲ್ವಾ? 1907ರಲ್ಲಿ ರೋಮ್‌ನಲ್ಲಿ ಶಾಲೆ ಶುರು ಮಾಡಿದ ಮಾರಿಯಾ ಮಾಂಟೆಸ್ಸರಿ, ಮಕ್ಕಳು ತಮಗೆ ಬೇಕಾದ ಸಾಮಾನನ್ನು ತಾವೇ ಆರಿಸಿಕೊಳ್ಳುವುದನ್ನು ಗಮನಿಸಿ ಬೀಗದ ಬೀರು ಬಿಟ್ಟು, ತಗ್ಗಿನ ತೆರೆದ ಕಪಾಟುಗಳನ್ನು ತಂದರು.

ಎರಡಡಿ ಎತ್ತರದ ತೆರೆದ ರ‍್ಯಾಕ್ ಸಾಕು. ಅದರಲ್ಲಿ ಆಳವಿಲ್ಲದ ಟ್ರೇ ಇಡಿ. ಒಂದರಲ್ಲಿ ಬ್ಲಾಕ್ಸ್, ಇನ್ನೊಂದರಲ್ಲಿ ಕ್ರೇಯಾನ್ಸ್. ಓದಲು ಬಾರದ ಮಗುವಿಗೆ ಟ್ರೇ ಮುಂದೆ ಚಿತ್ರ ಅಂಟಿಸಿ. ಆ ಚಿತ್ರವನ್ನು ಮಗುವೇ ಬಿಡಿಸಿದರಂತೂ ಇನ್ನೂ ಖುಷಿ. ಅರ್ಧ ಆಟಿಕೆಗಳನ್ನು ಅಟ್ಟಕ್ಕೆ ಹಾಕಿ, ಆಗಾಗ ಬದಲಿಸಿ. ಹಳೆಯದೂ ಹೊಸದರಂತೆ ಕಾಣುತ್ತದೆ. ರ‍್ಯಾಕನ್ನು ಮಾತ್ರ ಗೋಡೆಗೆ ಸ್ಕ್ರೂ ಹಾಕಿ ಬಿಗಿಸಲೇಬೇಕು, ಮಕ್ಕಳು ಹತ್ತದೆ ಬಿಡುವುದಿಲ್ಲ.