ಎಡ್ಡಿ ಜೋರ್ಡನ್ ಬರೀ ಟಿ.ವಿ. ಮಾತುಗಾರರೇ?

ಓದುಗರ ಪತ್ರ: "ಎಡ್ಡಿ ಜೋರ್ಡನ್ ಬಗ್ಗೆ ನೀವು ಬರೆದ ನುಡಿನಮನ ಓದಿದೆ. ನನಗೆ ಅವರು ಗೊತ್ತಿರುವುದು ಬಿಬಿಸಿಯ ಫಾರ್ಮುಲಾ ಒನ್ ಕಾರ್ ರೇಸ್ ಕಾರ್ಯಕ್ರಮದಿಂದ ಮಾತ್ರ. ಬಣ್ಣಬಣ್ಣದ ಅಂಗಿ, ಜೋರು ಮಾತು, ಯಾರು ಯಾವ ತಂಡಕ್ಕೆ ಹೋಗುತ್ತಾರೆ ಎಂಬ ಗಾಳಿಸುದ್ದಿ. ಸ್ವಂತ ತಂಡವನ್ನೇ ಮಾರಿಕೊಂಡವರು ಬೇರೆಯವರ ತಂಡದ ಬಗ್ಗೆ ಮಾತಾಡುವುದು ಎಷ್ಟು ಸರಿ? ಅವರಿಗೆ ಅಷ್ಟು ಜಾಗ ಬೇಕಿತ್ತಾ?" (ಶಿವಮೊಗ್ಗದ ಓದುಗರೊಬ್ಬರು)

ಸಂಪಾದಕರ ಉತ್ತರ:

ನಿಮ್ಮ ಪ್ರಶ್ನೆ ನೇರವಾಗಿದೆ, ಖುಷಿಯಾಯಿತು. ಬೇಕಿತ್ತು ಅಂತಲೇ ನನ್ನ ಉತ್ತರ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ 'ಗಾಳಿಸುದ್ದಿ'ಯ ಮಾತು. 2012ರ ಸೆಪ್ಟೆಂಬರ್ ಆರಂಭದಲ್ಲಿ ಜೋರ್ಡನ್ ಒಂದು ಸುದ್ದಿ ಕೊಟ್ಟರು: ಚಾಲಕ ಲೂಯಿಸ್ ಹ್ಯಾಮಿಲ್ಟನ್ ಮೆಕ್‌ಲಾರೆನ್ ತಂಡ ಬಿಟ್ಟು ಮರ್ಸಿಡಿಸ್ ತಂಡ ಸೇರುತ್ತಾರೆ. ಗೆಲ್ಲುವ ಕಾರು ಬಿಟ್ಟು ಯಾರಾದರೂ ಹೋಗುತ್ತಾರಾ ಅಂತ ಜನ ನಂಬಲಿಲ್ಲ. ಸೆಪ್ಟೆಂಬರ್ 28ಕ್ಕೆ ಮರ್ಸಿಡಿಸ್ ತಾನೇ ಪ್ರಕಟಿಸಿತು. ಇಂಥ ಸುದ್ದಿ ಸುಮ್ನೆ ಊಹೆ ಮಾಡಿದರೆ ಸಿಗುವುದಿಲ್ಲ. ಚಾಲಕರನ್ನು ಹುಡುಕಿ, ಚೌಕಾಸಿ ಮಾಡಿ, ಕರೆತಂದು, ಕಳೆದುಕೊಂಡು ಪಳಗಿದವರಿಗೆ ಮಾತ್ರ ಸಿಗುತ್ತದೆ.

ಅವರು ಶುರು ಮಾಡಿದ್ದು ಐರ್ಲೆಂಡಿನಲ್ಲಿ ಬ್ಯಾಂಕ್ ಗುಮಾಸ್ತರಾಗಿ. 1970ರಲ್ಲಿ ಅಲ್ಲಿನ ಬ್ಯಾಂಕುಗಳಲ್ಲಿ ಮುಷ್ಕರ ನಡೆದಾಗ ಕೆಲಸಕ್ಕೆಂದು ಜರ್ಸಿ ದ್ವೀಪಕ್ಕೆ ಹೋದರು. ಆ ದ್ವೀಪದಲ್ಲಿ ಕಾರ್ಟಿಂಗ್, ಅಂದರೆ ಪುಟ್ಟ ಕಾರುಗಳ ರೇಸ್, ಕಂಡರು. ಮರುವರ್ಷ ಐರಿಷ್ ಕಾರ್ಟ್ ಚಾಂಪಿಯನ್ ಆದರು! ಆಮೇಲೆ ಅಪಘಾತದಲ್ಲಿ ಎರಡೂ ಕಾಲು ಮುರಿದವು. ಆದರೂ 1978ರಲ್ಲಿ ಐರಿಷ್ ಫಾರ್ಮುಲಾ ಅಟ್ಲಾಂಟಿಕ್ ಕಾರ್ ರೇಸ್ ಪ್ರಶಸ್ತಿ ಗೆದ್ದರು. ಮುಂದೆ ಓಡಿಸುವುದನ್ನು ಬಿಟ್ಟು ಓಡಿಸುವವರನ್ನು ಬೆಳೆಸಲು ನಿಂತರು.

ಫಾರ್ಮುಲಾ ಒನ್‌ಗಿಂತ ಕೆಳಗಿನ ಹಂತದ ರೇಸ್ ಆದ 1983ರ ಬ್ರಿಟಿಷ್ ಫಾರ್ಮುಲಾ ತ್ರೀಯಲ್ಲಿ, ಮುಂದೆ ವಿಶ್ವ ಚಾಂಪಿಯನ್ ಆದ ಐರ್ಟನ್ ಸೆನ್ನಾಗೆ ಕೊನೆಯವರೆಗೂ ಪೈಪೋಟಿ ಕೊಟ್ಟ ಮಾರ್ಟಿನ್ ಬ್ರಂಡಲ್ ಜೋರ್ಡನ್ ತಂಡದ ಹುಡುಗ. ಹೌದು, ಮುಂದೆ ಬಿಬಿಸಿಯಲ್ಲಿ ಕಾಮೆಂಟರಿ ಹೇಳಿದ ಅದೇ ಬ್ರಂಡಲ್. 1989ರಲ್ಲಿ ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 3000 ಗೆದ್ದ ಜಾನ್ ಅಲೆಸಿಯೂ ಇವರ ತಂಡದವರೇ.

1991ರಲ್ಲಿ ತಮ್ಮದೇ ಹೆಸರಿನ ತಂಡ ಕಟ್ಟಿಕೊಂಡು ಫಾರ್ಮುಲಾ ಒನ್‌ಗೆ ಬಂದರು. ಗ್ಯಾರಿ ಆಂಡರ್ಸನ್ ವಿನ್ಯಾಸ ಮಾಡಿದ ಆ ಹಸಿರು ಕಾರಿನ ಚೆಂದಕ್ಕೆ ನಾನು ಇವತ್ತಿಗೂ ಸೋಲುತ್ತೇನೆ. ಚಾಲಕ ಬರ್ಟ್ರಾಂಡ್ ಗಾಶೋ ಲಂಡನ್ನಿನ ಟ್ಯಾಕ್ಸಿ ಚಾಲಕನ ಮೇಲೆ ಅಶ್ರುವಾಯು ಸಿಂಪಡಿಸಿ ಜೈಲಿಗೆ ಹೋದರು. ಆ ಜಾಗಕ್ಕೆ ಬಂದ ಜರ್ಮನ್ ಹುಡುಗ, ಮುಂದೆ ಏಳು ಬಾರಿ ವಿಶ್ವ ಚಾಂಪಿಯನ್ ಆದ ಮೈಕಲ್ ಶುಮಾಕರ್. ಸೀಟಿಗೆ ದುಡ್ಡು ಕೊಟ್ಟದ್ದು ಮರ್ಸಿಡಿಸ್. ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಹುಡುಗ ಏಳನೆಯವನಾಗಿ ಅರ್ಹತೆ ಪಡೆದ. ಕ್ಲಚ್ ಕೈಕೊಟ್ಟು ಮೊದಲ ಸುತ್ತಿನಲ್ಲೇ ಓಟ ಮುಗಿಯಿತು. ಮುಂದಿನ ರೇಸಿಗೆ ಅವನು ಎದುರಾಳಿ ತಂಡ ಬೆನೆಟನ್ ಕಾರಿನಲ್ಲಿದ್ದ. ಜೋರ್ಡನ್ ಕೋರ್ಟಿಗೆ ಹೋದರೂ ದಕ್ಕಲಿಲ್ಲ. ತಂಡಗಳು ಒಬ್ಬರಿಂದೊಬ್ಬರು ಚಾಲಕರನ್ನು ಹೇಗೆ ಕಿತ್ತುಕೊಳ್ಳುತ್ತವೆ ಅಂತ ಆ ಕೆಲವೇ ದಿನಗಳಲ್ಲಿ ಅನುಭವಿಸಿ ತಿಳಿದರು. ಮೊದಲ ವರ್ಷವೇ ತಂಡ ಐದನೇ ಸ್ಥಾನ ಪಡೆಯಿತು, ಆದರೆ ಸಾಲ ಮೈಮೇಲೆ ಬಂತು. ದುಡ್ಡು ಕೊಡಬೇಕಿಲ್ಲ ಅಂತ ಮರುವರ್ಷ ಯಮಹಾ ಎಂಜಿನ್ ಹಾಕಿದರು. ಇಡೀ ವರ್ಷಕ್ಕೆ ಬಂದದ್ದು ಒಂದೇ ಪಾಯಿಂಟು.

ಗೆಲುವಿಗೆ 1998ರವರೆಗೆ ಕಾಯಬೇಕಾಯಿತು. ಮತ್ತೆ ಸ್ಪಾ, ಜೋರು ಮಳೆ. ಮುಂದಿದ್ದ ಮೈಕಲ್ ಶುಮಾಕರ್ ಕಾರು, ಒಂದು ಸುತ್ತು ಹಿಂದೆ ಬಿದ್ದಿದ್ದ ಡೇವಿಡ್ ಕುಲ್ತಾರ್ಡ್ ಕಾರಿಗೆ ಹಿಂದಿನಿಂದ ಬಡಿಯಿತು. ಡೇಮನ್ ಹಿಲ್ ಮೊದಲು, ರಾಲ್ಫ್ ಶುಮಾಕರ್ ಎರಡನೆಯವರು, ಇಬ್ಬರೂ ಜೋರ್ಡನ್ ಕಾರಿನಲ್ಲಿ. ಮೂರನೆಯವರು ಸೌಬರ್ ಕಾರಿನಲ್ಲಿದ್ದ ಅದೇ ಅಲೆಸಿ. ಮುಂದಿನ ವರ್ಷ ಜೋರ್ಡನ್ ಚಾಲಕ ಫ್ರೆಂಟ್ಜೆನ್ ಎರಡು ರೇಸ್ ಗೆದ್ದರು, ತಂಡ ಮೂರನೇ ಸ್ಥಾನಕ್ಕೇರಿತು. 2009ರಿಂದ ಬಿಬಿಸಿಯಲ್ಲಿ ಜೋರ್ಡನ್ ಪಕ್ಕ ನಿಂತು ವಾದ ಮಾಡುತ್ತಿದ್ದವರು ಯಾರು? ಕುಲ್ತಾರ್ಡ್!

ಇನ್ನು ತಂಡ ಮಾರಿದ ಮಾತು. 2003ರಲ್ಲಿ ಸ್ಪಾನ್ಸರ್ ಒಪ್ಪಂದದ ವಿಚಾರವಾಗಿ ವೊಡಾಫೋನ್ ಮೇಲೆ ಹಾಕಿದ ಕೇಸಿನಲ್ಲಿ ಜೋರ್ಡನ್‌ಗೆ ಮುಖಭಂಗವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಗ ಎದುರಿಗಿದ್ದವರು ಟೊಯೋಟಾ, ಬಿಎಂಡಬ್ಲ್ಯೂ, ಮರ್ಸಿಡಿಸ್‌ನಂಥ ಕಾರ್ ಕಂಪನಿಗಳು. ಸ್ಪಾನ್ಸರ್ ಹುಡುಕಿ ಸಂಬಳ ಕೊಡುವ ಒಬ್ಬ ಮಾಲೀಕ ಎಷ್ಟು ದಿನ ಹೋರಾಡಬಹುದು, ಹೇಳಿ? 2005ರ ಆರಂಭದಲ್ಲಿ ತಂಡವನ್ನು ಮಿಡ್‌ಲ್ಯಾಂಡ್ ಗುಂಪಿಗೆ ಮಾರಿದರು. ಟಿ.ವಿ.ಯಲ್ಲಿ ಅವರು ಬಜೆಟ್ ಬಗ್ಗೆ, ಒಪ್ಪಂದದ ಬಗ್ಗೆ ಮಾತಾಡುವಾಗ ಈ ಸೋಲಿನ ತೂಕವೂ ಆ ಮಾತಿಗಿತ್ತು. ಆ ಬಲದಿಂದಲೇ ಅವರು ಮಾತಾಡುತ್ತಿದ್ದದ್ದು.

ಅಂದಹಾಗೆ, ಆ ತಂಡ ನಮಗೂ ದೂರದ್ದಲ್ಲ. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಓಡಿಸಿದ್ದು ಜೋರ್ಡನ್ ಹೆಸರಿನ ಕಾರನ್ನೇ. ಕೈಬದಲಾಗುತ್ತಾ 2008ಕ್ಕೆ ಅದೇ ತಂಡ ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ಆಯಿತು. ಈಗ ಅದು ಆಸ್ಟನ್ ಮಾರ್ಟಿನ್.

2024ರಲ್ಲಿ ಕಾರು ವಿನ್ಯಾಸಕ ಆಡ್ರಿಯನ್ ನ್ಯೂಯಿ ರೆಡ್ ಬುಲ್ ಬಿಟ್ಟಾಗ ಅವರ ಪರವಾಗಿ ಮಾತುಕತೆ ನಡೆಸಿದ್ದು ಜೋರ್ಡನ್. ಆಗ ಜೋರ್ಡನ್‌ಗೆ ಕ್ಯಾನ್ಸರ್ ಇತ್ತು. 2025ರ ಮಾರ್ಚ್ ಆರಂಭದಲ್ಲಿ ನ್ಯೂಯಿ ಹೊಸ ಕೆಲಸಕ್ಕೆ ಹೋದದ್ದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ಗೆ, ಜೋರ್ಡನ್ ಕಟ್ಟಿದ ತಂಡ ಬೆಳೆದ ಅದೇ ಊರಿಗೆ, ಅದೇ ಆಸ್ಟನ್ ಮಾರ್ಟಿನ್‌ಗೆ. ಮಾರ್ಚ್ 20ರಂದು ಕೇಪ್‌ಟೌನ್‌ನಲ್ಲಿ ಜೋರ್ಡನ್ ತೀರಿಕೊಂಡರು. 76 ವರ್ಷವಾಗಿತ್ತು.

– ಸಂ.