ಟೋಕಿಯೊದಲ್ಲಿ ದಿನನಿತ್ಯದ ಮನೆ ಸಾಮಾನು ಎಲ್ಲಿ ಕೊಳ್ಳುವುದು ಒಳ್ಳೇದು?

ಸೆವೆನ್-ಇಲೆವೆನ್, ಲಾಸನ್ ಅಂಗಡಿಗಳು ಮೂಲೆಮೂಲೆಗೂ ಇವೆ. ಆದರೆ ಬೆಲೆ ಜಾಸ್ತಿ, ಅರ್ಜೆಂಟಿಗಷ್ಟೇ ಸರಿ. ಹಾಲು, ಮೊಟ್ಟೆ, ತರಕಾರಿಗೆ ಲೈಫ್, ಸೇಯು ಥರದ ಸೂಪರ್‌ಮಾರ್ಕೆಟ್‌ಗೆ ಹೋಗಿ. ಅದೂ ಸಂಜೆ ಇಳಿದ ಮೇಲೆ ಹೋಗಿ ನೋಡಿ: ಉಳಿದ ಊಟದ ಡಬ್ಬಿ, ಮೀನುಗಳ ಮೇಲೆ ರಿಯಾಯಿತಿ ಚೀಟಿ ಅಂಟಿಸುತ್ತಾ ಬರುತ್ತಾರೆ. ಬಾಗಿಲು ಹಾಕುವ ಹೊತ್ತಿಗೆ ಕೆಲವು ಅರ್ಧ ಬೆಲೆಗೇ ಸಿಗುತ್ತವೆ. ಬೆಲೆ ಫಲಕದಲ್ಲಿ ಎರಡು ಬೆಲೆ ಇದ್ದರೆ ಗಾಬರಿ ಬೇಡ, ಸಾಮಾನ್ಯವಾಗಿ ದಪ್ಪಕ್ಷರದ್ದು ತೆರಿಗೆ ಬಿಟ್ಟು, ನೀವು ಕೊಡುವುದು ಸಣ್ಣಕ್ಷರದ್ದು! ಕೈಚೀಲ ಮರೀಬೇಡಿ, 2020ರ ಜುಲೈಯಿಂದ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ಕೊಡಬೇಕು. ಫ್ರೋಜನ್ ತರಕಾರಿ, ದೊಡ್ಡ ಪ್ಯಾಕೆಟ್‌ಗಳಿಗೆ ‘ಗ್ಯೋಮು ಸೂಪರ್’ ಅನ್ನೋ ಅಂಗಡಿ ಅಗ್ಗ. ತೊಗರಿಬೇಳೆ, ಸಾಸಿವೆ, ಇಂಗು ಬೇಕಂದ್ರೆ ಶಿನ್-ಓಕುಬೊ ಅಥವಾ ನಮ್ಮವರು ಜಾಸ್ತಿ ಇರುವ ನಿಶಿ-ಕಸಾಯ್‌ನ ಭಾರತೀಯ ಅಂಗಡಿಗಳೇ ಗತಿ.